ಸಹಾಯ ಬೇಕು: ಚೆಕ್ ಫಿಲ್ಹಾರ್ಮೊನಿಕ್‌ನ ಯಾವ ಸಿಡಿ ಕೊಳ್ಳಲಿ?
ಗೆಳೆಯರೇ, ಚೆಕ್ ಸಂಗೀತಕಾರ ಸ್ಮೆತಾನಾ ವಾದ್ಯವೃಂದಕ್ಕೆ ಬರೆದ 'ಮಾ ವ್ಲಾಸ್ತ್' (ನನ್ನ ತಾಯ್ನಾಡು) ಬೇಕು, ಪ್ರಾಗ್‌ನ ವಾದ್ಯವೃಂದ ಚೆಕ್ ಫಿಲ್ಹಾರ್ಮೊನಿಕ್ ನುಡಿಸಿದ್ದೇ ಆಗಬೇಕು. ಸದ್ಯಕ್ಕೆ ಫೋನಿನಲ್ಲಿ ಕೇಳುತ್ತಿರುವುದು ಕಂಡಕ್ಟರ್ (ವಾದ್ಯವೃಂದ ನಡೆಸುವವರು) ಕಾರೆಲ್ ಆಂಚೆರ್ಲ್ 1963ರಲ್ಲಿ ಸುಪ್ರಾಫೋನ್ ರೆಕಾರ್ಡ್ ಕಂಪನಿಗೆ ಮಾಡಿದ್ದು. ವ್ಲ್ತಾವಾ ನದಿಯ ಭಾಗದಲ್ಲಿ ಎರಡು ಕೊಳಲು ಸಣ್ಣ ತೊರೆಗಳ ಹಾಗೆ ಹೊರಟು, ಆಮೇಲೆ ಪಿಟೀಲುಗಳು ಸೇರಿ ಹೊಳೆ ದೊಡ್ಡದಾಗುತ್ತದೆ ಅಲ್ವಾ, ಅಲ್ಲಿ ಆಂಚೆರ್ಲ್ ಸುಮ್ನೆ ಎಳೆಯುವುದಿಲ್ಲ, ಅದೇ ನನಗೆ ಜಾಸ್ತಿ ಇಷ್ಟ. ಇನ್ನೊಬ್ಬ ಕಂಡಕ್ಟರ್ ತಾಲಿಖ್ ಅವರ 1954ರದ್ದು ಮೋನೊ, ಅಂದರೆ ಸ್ಟೀರಿಯೊ ಅಲ್ಲ. ಅದರ ಸದ್ದು ಚೆನ್ನಾಗಿ ತೆಗೆದಿರುವ ಸಿಡಿ ಯಾವುದು? ಇನ್ನು ಮೂರನೆಯ ಕಂಡಕ್ಟರ್ ಕುಬೆಲಿಕ್. 1948ರಲ್ಲಿ ದೇಶ ಬಿಟ್ಟವರು 42 ವರ್ಷ ಆದಮೇಲೆ, 1990ರ ಮೇ ತಿಂಗಳಲ್ಲಿ ಪ್ರಾಗ್‌ಗೆ ಮರಳಿ ಇದನ್ನೇ ನಡೆಸಿಕೊಟ್ಟರು! ಆ ಕಛೇರಿಯ ರೆಕಾರ್ಡಿಂಗ್ ಕೂಡ ಸಿಗುತ್ತದೆ. ಒಂದನ್ನೇ ಕೊಳ್ಳುವಷ್ಟು ದುಡ್ಡಿದೆ. ಮೂರನ್ನೂ ಕೇಳಿದವರು ದಯವಿಟ್ಟು ಹೇಳಿ.