ಕಮಾಂಡ್ ಸರಿ ಇದೆ, ಇಂಗ್ಲಿಷ್ ಸಾಲು ಮಾತ್ರ ಮೂರು ಸಲ ವಾಪಸ್ ಬಂತು

ಶಿರಸಿ_ಹುಡುಗ:
ಒಂದು ಓಪನ್ ಸೋರ್ಸ್ ಪ್ರಾಜೆಕ್ಟ್‌ನ ರೀಡ್‌ಮಿಗೆ, ಅಂದರೆ ಮೊದಲು ಓದುವ ಪರಿಚಯದ ಫೈಲ್‌ಗೆ, ಇನ್‌ಸ್ಟಾಲ್ ಮಾಡುವ ವಿಧಾನ ಇಂಗ್ಲಿಷ್‌ನಲ್ಲಿ ಬರೆದು ಕಳಿಸಿದೆ. ಹೊಸದಾಗಿ ಉಬುಂಟು ಹಾಕಿ ಎರಡು ಸಲ ಓಡಿಸಿ ನೋಡಿದ್ದೇನೆ, ಎಲ್ಲಾ ಕೆಲಸ ಮಾಡುತ್ತದೆ. ಆದರೂ ಪ್ರಾಜೆಕ್ಟ್‌ನವರಿಂದ ಮೂರನೇ ಸಲ ವಾಪಸ್. 'ವರ್ಡಿಂಗ್ ಸರಿ ಮಾಡಿ' ಅಂತ ಬಿಟ್ಟರೆ ಬೇರೆ ಮಾತಿಲ್ಲ. ಎರಡು ರಾತ್ರಿ ಇದಕ್ಕೇ ಹೋಯಿತು. ಏನು ತಪ್ಪು ಹೇಳಿ ಪ್ಲೀಸ್.

ಹಳೇ_ಟರ್ಮಿನಲ್:
ಕಮಿಟ್ ಮೆಸೇಜ್ ಸಮಸ್ಯೆ, ಅನುಮಾನವೇ ಬೇಡ. ಗಿಟ್‌ನಲ್ಲಿ (ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ತಂತ್ರಾಂಶ) ಪ್ರತಿ ಬದಲಾವಣೆಯ ಜೊತೆ ಬರೆಯುವ ಟಿಪ್ಪಣಿ ಅದು. 'ಆಡೆಡ್' ಅಂತ ಹಾಕಿರುತ್ತೀರಿ, 'ಆಡ್' ಅಂತ ಇರಬೇಕು. ಕೋಡ್‌ಗೆ ಆಜ್ಞೆ ಕೊಡುವ ಹಾಗೆ ಬರೆಯಿರಿ ಅಂತ ಗಿಟ್‌ನವರ ನಿಯಮದಲ್ಲೇ ಇದೆ. ಗಿಟ್ ತಾನಾಗಿ ಬರೆಯುವುದೂ 'ಮರ್ಜ್ ಬ್ರಾಂಚ್' ಅಂತಲೇ, 'ಮರ್ಜ್ಡ್' ಅಂತ ಅಲ್ಲ.

ಶಿರಸಿ_ಹುಡುಗ:
'ಆಡ್' ಅಂತಲೇ ಇದೆ ಸರ್.

ಹಳೇ_ಟರ್ಮಿನಲ್:
ಹಾಗಾದರೆ ಡಾಕ್‌ಸ್ಟ್ರಿಂಗ್, ಕೋಡ್ ಒಳಗೇ ಬರೆಯುವ ವಿವರಣೆ. ಅದಕ್ಕೆ ಪೈಥಾನ್ ಭಾಷೆಯವರ ನಿಯಮ ಪೆಪ್ 257, ಓದಿ. 'ರಿಟರ್ನ್ಸ್' ಅಲ್ಲ, 'ರಿಟರ್ನ್'. ಅಲ್ಲೂ ಆಜ್ಞೆಯೇ ಬೇಕು.

ಬರಹದ_ಕೆಲಸ:
ಸರ್, ಅವರು ಪೈಥಾನ್ ಅಂತ ಎಲ್ಲೂ ಹೇಳಿಲ್ಲ, ಅಲ್ವಾ? ಶಿರಸಿಯವರೇ, ಆ ಸಾಲನ್ನು ಇದ್ದ ಹಾಗೇ ಹಾಕಿ.

ಶಿರಸಿ_ಹುಡುಗ:
ಸಾಲು ಹಾಕಿದ್ದೇನೆ ಅಂದುಕೊಂಡಿದ್ದೆ, ಕ್ಷಮಿಸಿ ಮೇಡಂ. 'ಲಾಗಿನ್ ಟು ದ ಸರ್ವರ್, ಸೆಟಪ್ ದ ಡೇಟಾಬೇಸ್ ಅಂಡ್ ಫೈರ್ ದ ಬಿಲೋ ಕಮಾಂಡ್.' ಲಾಗಿನ್, ಸೆಟಪ್ ಎರಡನ್ನೂ ಜೋಡಿಸಿಯೇ ಬರೆದಿದ್ದೇನೆ.

ಬರಹದ_ಕೆಲಸ:
ಸಿಕ್ಕಿತು. 'ಲಾಗಿನ್' ಅನ್ನುವುದು ಹೆಸರು: ಲಾಗಿನ್ ಪೇಜ್, ನನ್ನ ಲಾಗಿನ್. ಕೆಲಸ ಹೇಳುವಾಗ 'ಲಾಗ್ ಇನ್', ನಡುವೆ ಜಾಗ ಬಿಡಬೇಕು. ಆಗಿಹೋದ ಕೆಲಸ ಮಾಡಿ ನೋಡಿ, 'ಲಾಗ್ಡ್ ಇನ್' ಅನ್ನುತ್ತೇವೆ. 'ಡ್' ಹೋಗಿ ಕೂರುವುದು ಲಾಗ್‌ಗೆ. ಅಂದರೆ ಕ್ರಿಯಾಪದ 'ಲಾಗ್' ಅಷ್ಟೇ, 'ಇನ್' ಬೇರೆ ಪದ. 'ಸೆಟ್ ಅಪ್' ಕೂಡ ಹಾಗೇ. ನಮ್ಮ ಕಿವಿಗೆ ಇದು ಕೇಳುವುದೇ ಇಲ್ಲ. ಊರು, ಅಲ್ಲಿ ಸೇರಿ ಊರಲ್ಲಿ ಆದ ಹಾಗೆ ಬಾಯಲ್ಲಿ ಎಲ್ಲಾ ಕೂಡಿಕೊಳ್ಳುತ್ತದೆ. ಕೈ ಅದನ್ನೇ ಟೈಪ್ ಮಾಡುತ್ತದೆ.

'ಫೈರ್' ತೆಗೆದು 'ರನ್' ಹಾಕಿ. 'ದ ಬಿಲೋ ಕಮಾಂಡ್' ಬೇಡ, 'ದ ಫಾಲೋಯಿಂಗ್ ಕಮಾಂಡ್'. 'ಬಿಲೋ' ವಿಷಯದಲ್ಲಿ ಗೂಗಲ್‌ನ ಡೆವಲಪರ್ ಬರವಣಿಗೆ ಕೈಪಿಡಿಯೂ ಇದನ್ನೇ ಹೇಳುತ್ತದೆ.

ಹಳೇ_ಟರ್ಮಿನಲ್:
ಇಪ್ಪತ್ತು ವರ್ಷದಿಂದ ಆಫೀಸಲ್ಲಿ ಕಮಾಂಡ್ ಫೈರ್ ಮಾಡುತ್ತಿದ್ದೇವೆ. ಯಾರಿಗೂ ಅರ್ಥ ಆಗದೆ ಉಳಿದಿಲ್ಲ.

ಬರಹದ_ಕೆಲಸ:
ಮಾತಲ್ಲಿ ಸರಿ ಸರ್. ಓದುವವರು ಬ್ರೆಜಿಲ್‌ನಲ್ಲೂ ಇರುತ್ತಾರೆ, ಜಪಾನ್‌ನಲ್ಲೂ ಇರುತ್ತಾರೆ. ಡಿಕ್ಷನರಿಯಲ್ಲಿ 'ಫೈರ್' ಹುಡುಕಿದರೆ ಅವರಿಗೆ ಬೆಂಕಿ ಸಿಗುತ್ತದೆ.

ಕಪ್ಪು_ಪರದೆ:
'ಟೈಪ್ ದ ಕಮಾಂಡ್' ಅಂದರೆ ಸಾಕಲ್ವಾ? ಮತ್ತೆ, ಕಮಾಂಡ್ ಮುಂದೆ ಡಾಲರ್ ಚಿಹ್ನೆ ಇದ್ದರೆ ತೆಗೆಯಿರಿ. ಕಾಪಿ ಮಾಡಿದವರಿಗೆ ಎರರ್ ಬರುತ್ತದೆ.

ಹಳೇ_ಟರ್ಮಿನಲ್:
ಡಾಲರ್ ಇರಲೇಬೇಕು. ಇಲ್ಲದಿದ್ದರೆ ಯಾವುದು ಕಮಾಂಡ್, ಯಾವುದು ಔಟ್‌ಪುಟ್ ಗೊತ್ತಾಗುವುದಿಲ್ಲ.

ಕಪ್ಪು_ಪರದೆ:
ಔಟ್‌ಪುಟ್ ತೋರಿಸಿದರೆ ಮಾತ್ರ. ರೀಡ್‌ಮಿಯಂಥ ಫೈಲ್‌ಗಳ ತಪ್ಪು ಹುಡುಕುವ ಮಾರ್ಕ್‌ಡೌನ್‌ಲಿಂಟ್‌ನ ಎಂಡಿ014 ನಿಯಮ ಅದೇ. ನಾನು ನಿಯೋವಿಮ್ ಎಡಿಟರ್‌ಗೆ ಅದನ್ನೂ, ವಾಕ್ಯಶೈಲಿ ನೋಡುವ ವೇಲ್ ಅನ್ನೂ ಸೇರಿಸಿದ್ದೇನೆ, ಸೇವ್ ಮಾಡುತ್ತಿದ್ದ ಹಾಗೇ ತಪ್ಪಿನ ಕೆಳಗೆ ಗೆರೆ ಬರುತ್ತದೆ. ಥೀಮ್ ನಾನೇ ಮಾಡಿದ್ದು, ಬೇಕಾದವರಿಗೆ ಫೈಲ್ ಕೊಡುತ್ತೇನೆ.

ಬರಹದ_ಕೆಲಸ:
'ಟೈಪ್' ಅಂದರೆ ಅಕ್ಷರ ಒತ್ತುವುದಷ್ಟೇ. ಎಂಟರ್ ಒತ್ತದೆ ಕಾಯುತ್ತಾ ಕೂತ ಹೊಸಬರನ್ನು ನೋಡಿದ್ದೇನೆ. 'ರನ್' ಅಂದರೆ ಎರಡೂ ಬಂತು.

ಶಿರಸಿ_ಹುಡುಗ:
ತಿದ್ದಿ ಕಳಿಸಿದೆ, ಇನ್ನೂ ಉತ್ತರ ಬಂದಿಲ್ಲ. ನಾಲ್ಕನೇ ಹೆಜ್ಜೆಯಲ್ಲಿ 'ಬ್ಯಾಕಪ್ ದ ಫೈಲ್' ಅಂತ ಜೋಡಿಸಿ ಬರೆದಿದ್ದೂ ಈಗ ಕಣ್ಣಿಗೆ ಬಿತ್ತು. 'ಬ್ಯಾಕ್ಡ್ ಅಪ್' ಅನ್ನುತ್ತೇವೆ, ಹಾಗಾಗಿ ಬಿಡಿಸಿದೆ. ಸರಿ ಅಲ್ವಾ ಮೇಡಂ?

ಹಳೇ_ಟರ್ಮಿನಲ್:
ಆ ಕಮಿಟ್ ಮೆಸೇಜ್ ಒಂದು ಸಲ ಪೂರ್ತಿ ಇಲ್ಲಿ ಹಾಕಿ, ನೋಡೋಣ.