ಲೈಟ್ ಹಾಕಿದ ಮೇಲೆ ಅಜ್ಜಿಯ ಮಾತೇ ಹಿಂದೆ ಬಿತ್ತು: ಅಡುಗೆಮನೆ ವ್ಲಾಗ್‌ಗೆ ಪರಿಹಾರ ಬೇಕು

ಪ್ರಶ್ನೆ:
ಪುತ್ತೂರು ಕಡೆಯ ನಮ್ಮ ಹಂಚಿನ ಮನೆಯಲ್ಲಿ ಅಜ್ಜಿ ಪತ್ರೊಡೆ ಮಾಡುತ್ತಾ ಹಳೆಯ ದಿನಗಳ ಬಗ್ಗೆ ಮಾತಾಡುತ್ತಾರೆ. ಅದನ್ನೇ ವ್ಲಾಗ್ ಮಾಡುತ್ತಿದ್ದೇನೆ. ಅಡುಗೆಮನೆ ಕತ್ತಲೆ ಅಂತ ರಿಂಗ್ ಲೈಟು, ಒಂದು ಎಲ್‌ಇಡಿ ಪ್ಯಾನೆಲ್ ತಂದೆ. ಹಿಂದಿನ ಗೋಡೆಗೆ ಸೀರಿಯಲ್ ಸೆಟ್ ಹಾಕಿ, ಹೊಸ ತಾಮ್ರದ ಪಾತ್ರೆಗಳನ್ನು ಜೋಡಿಸಿದೆ.

ಈಗ ವಿಡಿಯೊದಲ್ಲಿ ಕಪ್ಪು ಪಟ್ಟಿಗಳು ಓಡುತ್ತವೆ. ಅಜ್ಜಿಯ ಮುಖ ಒಂದು ಕಡೆ ನೀಲಿ, ಇನ್ನೊಂದು ಕಡೆ ಹಳದಿ. ಕನ್ನಡಕದಲ್ಲಿ ಬಿಳಿ ಉಂಗುರ ಕಾಣುತ್ತದೆ. ನೋಡಿದವರೆಲ್ಲ ಪಾತ್ರೆ ಎಲ್ಲಿ ತಗೊಂಡ್ರಿ ಅಂತ ಕೇಳುತ್ತಾರೆ, ಅಜ್ಜಿ ಹೇಳಿದ್ದರ ಬಗ್ಗೆ ಒಬ್ಬರೂ ಮಾತಾಡುವುದಿಲ್ಲ. ಫೋನ್‌ನಲ್ಲಿ ಸೆಕೆಂಡಿಗೆ 30 ಫ್ರೇಮ್, ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/60 ಸೆಕೆಂಡ್ ಇಟ್ಟಿದ್ದೇನೆ.

ಉತ್ತರ 1:
ಪಟ್ಟಿ ಬರುವುದು ಶಟರ್‌ನಿಂದ. ನಮ್ಮ ಕರೆಂಟು 50 ಹರ್ಟ್ಸ್. ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ ಆ ಮಿನುಗಿಗೆ ಹೊಂದದಿದ್ದರೆ ಪಟ್ಟಿ ಕಾಣುತ್ತದೆ. ಅದಕ್ಕೆ ಶಟರ್ 1/50 ಅಥವಾ 1/100 ಇಡಿ, ಸಾಧ್ಯವಾದರೆ 25 ಫ್ರೇಮ್‌ನಲ್ಲಿ ತೆಗೆಯಿರಿ. ಆಮೇಲೂ ಪಟ್ಟಿ ಉಳಿದರೆ ಪ್ಯಾನೆಲ್ ನೋಡಿ. ಕೆಲವು ಪ್ಯಾನೆಲ್‌ಗಳು ಡಿಮ್ ಮಾಡಿದಾಗಲೇ ಮಿನುಗುತ್ತವೆ. ಅಂಥದ್ದನ್ನು ಪೂರ್ತಿ ಉರಿಸಿ ದೂರ ಇಡಿ. ಚಿಕ್ಕ ಲೈಟಾದರೆ ದೂರ ಎರಡು ಪಟ್ಟಾದಾಗ ಬೆಳಕು ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ.

ಉತ್ತರ 2:
ನೀಲಿ-ಹಳದಿಗೆ ಕಾರಣ ಎರಡು ಬಣ್ಣದ ಬೆಳಕು. ಕಿಟಕಿಯ ಹಗಲು ಬೆಳಕು ಸುಮಾರು 5600 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಹೆಚ್ಚಾದಷ್ಟೂ ನೀಲಿ), ಹಳದಿ ಬಲ್ಬು 2700ರ ಆಸುಪಾಸು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಟ್ಟುಬಿಡಿ. ನಾನಾದರೆ ಕಿಟಕಿಯನ್ನೇ ಇಟ್ಟುಕೊಳ್ಳುತ್ತೇನೆ. ಮಾಡಿನಲ್ಲಿ ಗಾಜಿನ ಹಂಚು ಇದ್ದರಂತೂ ಅದಕ್ಕಿಂತ ಒಳ್ಳೆಯ ಲೈಟು ಅಂಗಡಿಯಲ್ಲಿ ಸಿಗುವುದಿಲ್ಲ. ಕಿಟಕಿ ಅಜ್ಜಿಯ ಪಕ್ಕಕ್ಕೆ ಬರಲಿ, ಎದುರು ಬದಿಗೆ ಒಂದು ಬಿಳಿ ಪಂಚೆ ಕಟ್ಟಿ. ನೆರಳು ಮೆದುವಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಮುಖದ ಸುಕ್ಕು ಕಾಣಬೇಕು ಅಲ್ವಾ?

ಇನ್ನು ಹಿಂದೆ ಜೋಡಿಸಿದ ವಸ್ತುಗಳ ವಿಷಯ. ಮೊದಲು ಚಿತ್ರ ನೋಡದೆ ಬರೀ ಧ್ವನಿ ಕೇಳಿ. ಅಜ್ಜಿಯ ದನಿ ಎಲ್ಲಿ ಬದಲಾಗುತ್ತದೆ, ಎಲ್ಲಿ ಸುಮ್ಮನಾಗುತ್ತಾರೆ ಅಂತ ಬರೆದುಕೊಳ್ಳಿ. ಅಲ್ಲಿ ಯಾವ ವಸ್ತುವಿನ ಹೆಸರು ಬರುತ್ತದೋ ಅದು ಫ್ರೇಮಿನಲ್ಲಿ ಇರಲೇಬೇಕು. ಅತ್ತೆ ಕೊಟ್ಟ ಅರೆಯುವ ಕಲ್ಲಿನ ಬಗ್ಗೆ ಹೇಳಿದರೆ ಕಲ್ಲು ಬೆಳಕಿಗೆ ಬರಲಿ, ತಾಮ್ರದ ಪಾತ್ರೆ ಒಳಗೆ ಹೋಗಲಿ. ಸೀರಿಯಲ್ ಸೆಟ್ ತೆಗೆದುಬಿಡಿ. ಮಿನುಗುವ ಕಡೆಗೇ ಕಣ್ಣು ಓಡುತ್ತದೆ, ಆ ಹೊತ್ತಿಗೆ ಮಾತು ತಪ್ಪಿಹೋಗುತ್ತದೆ.

ಪ್ಯಾನೆಲ್ ವ್ಯರ್ಥವಲ್ಲ. ಹಬೆ ತೋರಿಸುವಾಗ ಪಾತ್ರೆಯ ಹಿಂದೆ, ಓರೆಯಾಗಿ ಇಡಿ. ಹಿನ್ನೆಲೆ ಕಪ್ಪಾಗಿದ್ದರೆ ಹಬೆಯ ಎಳೆಎಳೆಯೂ ಕಾಣುತ್ತದೆ. ಮುಂದಿನಿಂದ ಹಾಕಿದರೆ ಹಬೆ ಮಾಯ. ಕೆಸುವಿನ ಎಲೆಯ ನಾರು ತೆಗೆಯುವ ಬೆರಳುಗಳಿಗೂ ಪಕ್ಕದ ಬೆಳಕೇ ಸರಿ.

ಪ್ರಶ್ನೆ ಕೇಳಿದವರು:
ತುಂಬ ಥ್ಯಾಂಕ್ಸ್. 1/50 ಇಟ್ಟೆ, ಪಟ್ಟಿ ಹೋಯಿತು. ಲೈಟು ಎದುರಿಗಿಲ್ಲದಿದ್ದಾಗ ಅಜ್ಜಿ ಜಾಸ್ತಿ ಮಾತಾಡುತ್ತಿದ್ದಾರೆ! ಆದರೆ ಮಳೆಗಾಲ, ಮೋಡ ಬಂದಾಗಲೆಲ್ಲ ಚಿತ್ರ ತಾನೇ ಬೆಳಗಿ ಬಣ್ಣ ಬದಲಾಗುತ್ತದೆ. ಮತ್ತೆ, ಕನ್ನಡಕ ತೆಗೆಸಲಾ?

ಉತ್ತರ 2:
ಬೇಡ, ಅವರಿಗೆ ಎಲೆ ಕಾಣಬೇಕು. ರಿಂಗ್ ಲೈಟ್ ಆಫ್ ಮಾಡಿದರೆ ಉಂಗುರ ಹೋಗುತ್ತದೆ. ಕಿಟಕಿಯ ಹೊಳಪು ಬಂದರೆ ಕ್ಯಾಮೆರಾವನ್ನು ಒಂದು ಗೇಣು ಸರಿಸಿ, ಅಜ್ಜಿಯನ್ನಲ್ಲ.

ಮೋಡಕ್ಕೆ ಎಕ್ಸ್‌ಪೋಶರ್ (ಚಿತ್ರ ಎಷ್ಟು ಬೆಳಗಬೇಕು ಅನ್ನುವುದು), ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಎರಡನ್ನೂ ಫೋನ್ ತಾನೇ ಬದಲಿಸದಂತೆ ಲಾಕ್ ಮಾಡಿ. ಬೆಳಕು ಕುಗ್ಗಿದರೆ ಕುಗ್ಗಲಿ, ಮಳೆ ಬಂತು ಅಂತ ನೋಡುವವರಿಗೆ ಗೊತ್ತಾಗುತ್ತದೆ. ಮಾತಿನ ಭಾಗವನ್ನು ಒಂದೇ ಹೊತ್ತಿನಲ್ಲಿ ಮುಗಿಸಿ. ಕೈ, ಎಲೆ, ಹಿಟ್ಟಿನ ಹತ್ತಿರದ ಶಾಟ್‌ಗಳನ್ನು ಮಧ್ಯಾಹ್ನ ತೆಗೆದರೂ ನಡೆಯುತ್ತದೆ, ಅದರಲ್ಲಿ ಕಿಟಕಿ ಕಾಣದಿದ್ದರೆ ಸಾಕು.