ಮೇ ತಿಂಗಳ ಸೆಕೆಯಲ್ಲಿ ಆಯಿಯ ವಿಮಾನ ಪ್ರಯಾಣ: ಗಗನಸಖಿಯರ ಕೈಯಲ್ಲಿ ಏನಿರುತ್ತದೆ?

ಕೋಡಿಬಾಗದವ

ಎಲ್ಲರಿಗೂ ನಮಸ್ಕಾರ. ಮೇ ತಿಂಗಳಲ್ಲಿ ಆಯಿಯನ್ನು ದಿಲ್ಲಿಗೆ, ತಂಗಿಯ ಮನೆಗೆ ಕರೆದುಕೊಂಡು ಹೋಗಬೇಕು. ಕಾರವಾರದವರಿಗೆ ಗೋವಾನೇ ಹತ್ತಿರ, ಅಲ್ಲಿಂದಲೇ ಟಿಕೆಟ್. ಆಯಿಗೆ ಎಪ್ಪತ್ತು ದಾಟಿದೆ, ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾಳೆ, ಸೆಕೆ ಅಂದರೆ ಆಗುವುದೇ ಇಲ್ಲ. ಹೋದ ಬೇಸಿಗೆಯಲ್ಲಿ ನಾನೊಬ್ಬನೇ ಬೇರೆ ಕಡೆಯಿಂದ ಬರುವಾಗ ಬಾಗಿಲು ಹಾಕಿದ ಮೇಲೂ ವಿಮಾನ ತುಂಬಾ ಹೊತ್ತು ನಿಂತೇ ಇತ್ತು, ಮೇಲಿನಿಂದ ಬರುವ ಗಾಳಿಯೂ ಬಿಸಿ, ಜನರೆಲ್ಲ ಸೇಫ್ಟಿ ಕಾರ್ಡ್ ತೆಗೆದು ಬೀಸಿಕೊಳ್ಳುತ್ತಿದ್ದರು. ಒಬ್ಬರು ಗಗನಸಖಿಯ ಮೇಲೆ ಕೂಗಾಡಿಬಿಟ್ಟರು. ಆ ಹುಡುಗಿಯೂ ಬೆವರಿ ಒದ್ದೆಯಾಗಿದ್ದಳು, ಪಾಪ. ನಿಜವಾಗಿ ಅವರ ಕೈಯಲ್ಲಿ ಏನಿರುತ್ತದೆ? ಆಯಿಗೆ ಏನಾದರೂ ಆದರೆ ಅವರಿಗೆ ಏನಂತ ಹೇಳಬೇಕು?

ಕುಮಟಾದವಳು

ಅಣ್ಣಾ, ನಾನು ಮದುವೆಗೆ ಮೊದಲು ಕ್ಯಾಬಿನ್ ಕ್ರೂ ಆಗಿದ್ದೆ. ಎಸಿ ನಮ್ಮ ಕೈಯಲ್ಲಿ ಇರುವುದಿಲ್ಲ. ಎಷ್ಟು ತಂಪು ಬೇಕು ಅಂತ ಇಡುವುದು ಕಾಕ್‌ಪಿಟ್‌ನಲ್ಲಿ. ಕೆಲವು ವಿಮಾನಗಳಲ್ಲಿ ಮಾತ್ರ ಕ್ರೂಗೂ ಒಂದೆರಡು ಡಿಗ್ರಿ ಹೆಚ್ಚು ಕಡಿಮೆ ಮಾಡಲು ಬರುತ್ತದೆ. ಹಾಗಾಗಿ ಮೊದಲ ಕೆಲಸ ಇಂಟರ್‌ಕಾಮ್ ಎತ್ತಿ ಪೈಲಟ್‌ಗೆ ಹೇಳುವುದು. ಸುಮ್ನೆ ಸೆಕೆ ಅಂದರೆ ಸಾಲದು. ಹಿಂದಿನ ಸಾಲುಗಳಲ್ಲಿ ಜಾಸ್ತಿ ಇದೆ, ಸಣ್ಣ ಮಕ್ಕಳಿವೆ, ಒಬ್ಬ ಅಜ್ಜನಿಗೆ ತಲೆ ಸುತ್ತುತ್ತಿದೆ ಅಂತ ಬಿಡಿಸಿ ಹೇಳಬೇಕು. ಆಗ ಅವರೂ ಕೆಳಗಿನ ಸಿಬ್ಬಂದಿಯನ್ನು ಒತ್ತಾಯಿಸಬಹುದು. ಮುಂದೆ ಕೂತವರಿಗೆ ಕೊನೆಯ ಸಾಲಿನ ಸೆಕೆ ತಿಳಿಯುವುದಿಲ್ಲ, ಅಲ್ವಾ?

ಉಳಿದದ್ದೆಲ್ಲ ಸಣ್ಣ ಕೆಲಸಗಳು, ಆದರೆ ವ್ಯತ್ಯಾಸ ಆಗುತ್ತದೆ. ನಿಂತ ವಿಮಾನದಲ್ಲಿ ಬಿಸಿಲು ಬೀಳುವ ಬದಿಯ ಕಿಟಕಿ ಪರದೆ ಇಳಿಸಲು ಹೇಳುತ್ತೇವೆ, ಟೇಕಾಫ್‌ಗೆ ಮತ್ತೆ ತೆರೆಸಬೇಕು. ತಲೆ ಮೇಲಿನ ಗಾಳಿಯ ತೂತುಗಳನ್ನೆಲ್ಲ ತಿರುಗಿಸಿ ತೆರೆಯುತ್ತೇವೆ. ಗ್ಯಾಲಿಯ, ಅಂದರೆ ಊಟ ಬಿಸಿ ಮಾಡುವ ಜಾಗದ, ಓವನ್ ತಡವಾಗಿ ಹಚ್ಚುತ್ತೇವೆ, ಯಾಕೆಂದರೆ ಅದೂ ಬಿಸಿ ಉಗುಳುತ್ತದೆ. ನೀರು ಕೊಡುತ್ತೇವೆ. ನೀರಿಗಿಂತ ಮುಖ್ಯ, ಸಾಲು ಸಾಲು ನಡೆದು ಮುಖ ನೋಡುವುದು. ಯಾರು ಬಿಳಿಚಿಕೊಂಡಿದ್ದಾರೆ, ಯಾರು ಮಾತಾಡದೆ ತಲೆ ವಾಲಿಸಿದ್ದಾರೆ ಅಂತ. ಕೂಗಾಡುವವರು ಸಾಮಾನ್ಯವಾಗಿ ಗಟ್ಟಿ ಇರುತ್ತಾರೆ, ನಮಗೆ ಹೆದರಿಕೆ ಸುಮ್ಮನೆ ಕೂತವರದ್ದು.

ಇನ್ನೊಂದು, ನಮ್ಮ ಕರಾವಳಿಯಲ್ಲಿ ಗಾಳಿಯಲ್ಲೇ ನೀರಿನ ಪಸೆ ಜಾಸ್ತಿ. ಎಸಿ ಜೋರಾಗಿ ಬಂದಾಗ ಮೇಲಿನಿಂದ ಬಿಳಿ ಹೊಗೆಯ ಹಾಗೆ ಇಳಿಯುತ್ತದೆ. ಅದು ಮಂಜು, ಹೊಗೆ ಅಲ್ಲ. ಆಯಿಗೆ ಮೊದಲೇ ಹೇಳಿಡಿ, ಗಾಬರಿ ಬೀಳುವುದು ಬೇಡ.

ಅಂಕೋಲಾ ಅಳಿಯ

ನಾನು ವಿಮಾನ ನಿಲ್ದಾಣದಲ್ಲಿ ಕೆಳಗಿನ ಕೆಲಸ ಮಾಡುವವನು. ಅಕ್ಕ ಹೇಳಿದ್ದು ಸರಿ, ಬಿಸಿಯ ಮೂಲ ನೆಲದಲ್ಲೇ ಇದೆ. ವಿಮಾನ ನಿಂತಾಗ ಎರಡು ದೊಡ್ಡ ಇಂಜಿನ್ ಬಂದ್ ಇರುತ್ತವೆ. ಆಗ ಬಾಲದಲ್ಲಿರುವ ಎಪಿಯು ಅನ್ನೋ ಸಣ್ಣ ಇಂಜಿನ್ ಎಸಿಗೆ ಗಾಳಿ ಕೊಡಬೇಕು. ಇಲ್ಲವಾದರೆ ಹೊರಗಿನಿಂದ ದಪ್ಪ ಪೈಪ್ ಜೋಡಿಸಿ ತಣ್ಣನೆ ಗಾಳಿ ತುಂಬಬೇಕು. ಎಪಿಯು ಕೆಟ್ಟಿದ್ದು ಪೈಪೂ ಸಿಗಲಿಲ್ಲ ಅಂದರೆ ಒಳಗೆ ಕೂತವರ ಗತಿ ಕಷ್ಟ. ಇಂಜಿನ್ ಸ್ಟಾರ್ಟ್ ಮಾಡುವಾಗ ಎಪಿಯು ಗಾಳಿ ಅದಕ್ಕೇ ಬೇಕು, ಹಾಗಾಗಿ ಸ್ವಲ್ಪ ಹೊತ್ತು ಎಸಿ ನಿಲ್ಲುತ್ತದೆ. ಅದು ಮಾಮೂಲು.

ಶಿರಸಿ ಕಡೆಯವರು ಹುಬ್ಬಳ್ಳಿಗೆ ಹೋಗಿ ಎಟಿಆರ್ 72 ಅನ್ನೋ ಪಂಖದ ಸಣ್ಣ ವಿಮಾನ ಹತ್ತಿದರೆ ಕಥೆ ಬೇರೆ, ಅದರಲ್ಲಿ ಎಪಿಯು ಇಲ್ಲವೇ ಇಲ್ಲ. ಬಲಗಡೆ ಇಂಜಿನ್ನನ್ನೇ ಓಡಿಸುತ್ತಾರೆ, ಅದರ ಪಂಖಕ್ಕೆ ಮಾತ್ರ ಬ್ರೇಕ್. ಹೋಟೆಲ್ ಮೋಡ್ ಅನ್ನುತ್ತಾರೆ.

ಅಮೆರಿಕದಲ್ಲಿ ಗಗನಸಖಿಯರ ಸಂಘ 2018ರಲ್ಲಿ ಒಂದು ಆ್ಯಪ್ ತಂದಿತು. ಒಳಗೆ ಎಷ್ಟು ಡಿಗ್ರಿ ಇದೆ ಅಂತ ಕ್ರೂನೂ ಪ್ರಯಾಣಿಕರೂ ಅದರಲ್ಲಿ ಬರೆಯಬಹುದು. ನಮ್ಮಲ್ಲೂ ಇಂಥದ್ದು ಬೇಕೇ ಬೇಕು. ಬೆವರು ಸುರಿಸಿಕೊಂಡು ಬೈಗುಳ ತಿನ್ನುವ ಆ ಮಕ್ಕಳಿಗೆ ಒಂದು ಲೆಕ್ಕವಾದರೂ ಕೈಯಲ್ಲಿ ಇರಲಿ.

ಶಿರಸಿ ನರ್ಸಮ್ಮ

ಆಯಿಯ ಬಿಪಿ ಮಾತ್ರೆಯಲ್ಲಿ ಮೂತ್ರ ಜಾಸ್ತಿ ಮಾಡಿಸುವ ಔಷಧ ಇದೆಯಾ ಅಂತ ಡಾಕ್ಟರನ್ನು ಕೇಳಿ. ಇದ್ದರೆ ಮೈಯಲ್ಲಿ ನೀರು ಬೇಗ ಇಳಿಯುತ್ತದೆ. ನೀವಾಗಿ ಮಾತ್ರೆ ನಿಲ್ಲಿಸಬೇಡಿ ಮತ್ತೆ. ವಯಸ್ಸಾದವರಿಗೆ ಆಸರು ಆಗುವುದೇ ಗೊತ್ತಾಗುವುದಿಲ್ಲ, ಕೇಳದಿದ್ದರೂ ಗುಟುಕು ಗುಟುಕು ಕುಡಿಸಿ. ಖಾಲಿ ಬಾಟಲಿ ಒಯ್ದು ಸೆಕ್ಯುರಿಟಿ ದಾಟಿದ ಮೇಲೆ ತುಂಬಿಸಿಕೊಳ್ಳಿ. ಹತ್ತಿ ಸೀರೆ ಸಾಕು. ತಲೆನೋವು, ವಾಕರಿಕೆ, ತಲೆ ಸುತ್ತು ಅಂದರೆ ಒದ್ದೆ ಬಟ್ಟೆಯನ್ನು ಕುತ್ತಿಗೆಗೆ, ಕಂಕುಳಿಗೆ ಇಡಿ. ಮಾತು ತೊದಲಿದರೆ, ಏನೇನೋ ಹೇಳಿದರೆ ಒಂದು ಕ್ಷಣವೂ ಕಾಯಬೇಡಿ, ಬೆಲ್ ಒತ್ತಿ.

ಕೋಡಿಬಾಗದವ

ತುಂಬಾ ಉಪಕಾರ ಆಯ್ತು. ಬಾಗಿಲು ಹಾಕಿದ ಮೇಲೆ ಆಯಿಗೆ ಆಗುವುದಿಲ್ಲ ಅನ್ನಿಸಿದರೆ ಇಳಿಯಲು ಬಿಡುತ್ತಾರಾ?

ಕುಮಟಾದವಳು

ನೆಲದಲ್ಲಿ ಇರುವವರೆಗೆ ಆಗುತ್ತದೆ ಅಣ್ಣಾ, ಆದರೆ ತೀರ್ಮಾನ ಕ್ಯಾಪ್ಟನ್‌ದು. ಸಂಕೋಚ ಪಟ್ಟು ರನ್‌ವೇ ತನಕ ಕಾಯಬೇಡಿ. ಓಡಲು ಶುರುವಾದ ಮೇಲೆ ನಾವೂ ಸೀಟಿಗೆ ಬೆಲ್ಟ್ ಕಟ್ಟಿ ಕೂತಿರುತ್ತೇವೆ, ಎದ್ದು ಬರಲು ಆಗುವುದಿಲ್ಲ. ಮೇಲೆ ಹೋದ ಮೇಲೆ ಸಾಮಾನ್ಯವಾಗಿ ಬೇಗ ತಂಪಾಗುತ್ತದೆ, ಆಗ ಶಾಲು ಬೇಕಾದೀತು. ಐಲ್ ಸೀಟ್, ಅಂದರೆ ನಡೆಯುವ ದಾರಿಯ ಪಕ್ಕದ್ದು, ತೆಗೆದುಕೊಳ್ಳಿ. ಹತ್ತುವಾಗಲೇ ಬಾಗಿಲಲ್ಲಿ ನಿಂತ ಹುಡುಗಿಗೆ ಆಯಿಯ ಸೀಟ್ ನಂಬರ್, ಬಿಪಿ ವಿಷಯ ಎರಡನ್ನೂ ಹೇಳಿಬಿಡಿ.